ಮಾವನ ವ್ಯಾಯಾಮ

ಈಗಲೂ ತೌಡಿನ ವಾಸನೆ ಬಂದರೆ ನನಗೆ ಅಮ್ಮನ ಪಾದಗಳು ಕಾಣುತ್ತವೆ.

ಹೊಸಂಗಡಿಗೆ ಅಕ್ಕಿ ಮಿಲ್ಲು ಬಂದ ಮೇಲೆ ನಮ್ಮ ಮನೆಯ ಒನಕೆ ಮೂಲೆ ಸೇರಿತ್ತು. ಅಷ್ಟರಲ್ಲಿ ಅಮ್ಮನ ತಮ್ಮ, ನನ್ನ ಮಾವ, ಮಂಗಳೂರಿನಲ್ಲಿ ಓದು ಮುಗಿಸಿ ನಮ್ಮಲ್ಲಿಗೆ ಬಂದು ಉಳಿದರು. ಸೋಮವಾರ ಉಪವಾಸ, ಅದೂ ದೇವರಿಗಲ್ಲ, ಆರೋಗ್ಯಕ್ಕೆ. ಬೆಳಿಗ್ಗೆ ಅಂಗಳದಲ್ಲಿ ಐವತ್ತು ದಂಡ.

“ಮಿಲ್ಲಿನ ಅಕ್ಕಿಯಲ್ಲಿ ಸತ್ವ ಎಂತ ಉಂಟು ಅಕ್ಕ? ಕುಟ್ಟಿದ ಅಕ್ಕಿಯೇ ಆಗಬೇಕು” ಎಂದರು.

ಅಮ್ಮ ಮತ್ತೆ ಒನಕೆ ಹಿಡಿದಳು. ದಿನಾ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಭತ್ತ ಕುಟ್ಟುತ್ತಿದ್ದಳು.

ಒಂದು ದಿನ ಮಾವ ಜಗಲಿಯಲ್ಲಿ ಕೂತು, “ಹೆಂಗಸರಿಗೂ ವ್ಯಾಯಾಮ ಬೇಕು ಅಕ್ಕ” ಎಂದರು. ಅಮ್ಮ ಕುಟ್ಟುವುದನ್ನು ನಿಲ್ಲಿಸಿದಳು. ಸಿಟ್ಟು ಮಾಡಲಿಲ್ಲ. ಒನಕೆಯನ್ನು ಅವರ ಕೈಗೆ ಕೊಟ್ಟು, “ಹೌದಾ? ಸ್ವಲ್ಪ ನೀನೂ ಮಾಡಿ ನೋಡು ಮಾರಾಯ” ಎಂದಳು.

ಮಾವ ನಗುತ್ತಲೇ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ನಗು ನಿಂತಿತು, ಅಂಗೈಯಲ್ಲಿ ಗುಳ್ಳೆ ಎದ್ದಿತು. ಆದರೂ ಒನಕೆ ಕೆಳಗಿಡಲಿಲ್ಲ. ಅಮ್ಮ ಕಂಬಕ್ಕೊರಗಿ ಕಾಲು ನೀಡಿ ಕೂತಿದ್ದಳು. ಹಿಮ್ಮಡಿಯ ಬಿರುಕುಗಳಲ್ಲೆಲ್ಲ ತೌಡು ತುಂಬಿತ್ತು. ಹಗಲು ಹೊತ್ತಿನಲ್ಲಿ ಅಮ್ಮ ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ಮಾವ ದಂಡ ಹೊಡೆಯಲಿಲ್ಲ. ಊಟ ಮುಗಿಸಿ, ಅಂಗೈಗೆ ಬಟ್ಟೆ ಸುತ್ತಿಕೊಂಡು ಒರಳಿನ ಹತ್ತಿರ ಬಂದರು.

“ಅಕ್ಕ, ನೀನು ಕೂತುಕೋ” ಎಂದರು.