ಮೆಟ್ಟಿಲ ಮೇಲೆ ಅತ್ತೆ

ಮಹಡಿ ಮೆಟ್ಟಿಲ ತಿರುವಿನಲ್ಲಿ ಹೆಂಡತಿಯ ತಾಯಿ ಮಂಚಮ್ಮ ಎದುರಾದ ಕೂಡಲೇ ಧರ್ಮೇಂದ್ರ ಎಡಗೆನ್ನೆಗೆ ಕೈ ಕೊಟ್ಟು ಮುಖ ಕಿವುಚಿದ. ತಮಾಷೆಯೆಂದರೆ, ಮೇಲಿನಿಂದ ಇಳಿಯುತ್ತಿದ್ದ ಅವಳೂ ಅದೇ ಗಳಿಗೆಯಲ್ಲಿ ತನ್ನ ಕೆನ್ನೆ ಹಿಡಿದುಕೊಂಡಳು.

“ಹಲ್ಲು ನೋವು ಅತ್ತೆ,” ಎಂದ ಇವನು.

“ನಂಗೂವೆ ಅಳಿಮಯ್ಯ. ಪ್ರಾಣ ಓಯ್ತದೆ.”

ಪಾಂಡವಪುರದ ಆ ಕಟ್ಟಡದಲ್ಲಿ ಹಲ್ಲಿನ ಡಾಕ್ಟರು ಇದ್ದದ್ದು ಮೊದಲನೆಯ ಮಹಡಿಯಲ್ಲಿ. ಇವರಿಬ್ಬರೂ ನಿಂತಿದ್ದದ್ದು ಅದನ್ನು ದಾಟಿ ಹತ್ತು ಮೆಟ್ಟಿಲು ಮೇಲೆ. ಅಲ್ಲಿಂದಾಚೆಗೆ ಇದ್ದದ್ದು ಒಂದೇ ಬಾಗಿಲು, ಆಪ್ತ ಸಮಾಲೋಚಕಿ ಚಂದ್ರಕಲಳದು. ಬೋರ್ಡಿನಲ್ಲಿ ಏನೇ ಬರೆದಿದ್ದರೂ ಊರಿನವರು ಅದನ್ನು ಹುಚ್ಚಿನ ಡಾಕ್ಟರು ಎಂದೇ ಓದಿಕೊಳ್ಳುತ್ತಿದ್ದರು. ಹಾಗಾಗಿ ಅಲ್ಲಿಗೆ ಬರುವವರೆಲ್ಲ ರಸ್ತೆಯಿಂದಲೇ ಕೆನ್ನೆ ಹಿಡಿದುಕೊಂಡು ಬರುತ್ತಿದ್ದರು.

“ಹಲ್ಲಿನ್ ಡಾಕ್ಟ್ರು ಕೆಳಗೇ ಉಳ್ಕಂಡ್ರಲ್ಲ?” ಮಂಚಮ್ಮ ಮೊದಲು ಕೆಣಕಿದಳು.

ಧರ್ಮೇಂದ್ರನೂ ಬಿಡಲಿಲ್ಲ. “ನಿಮ್ದು ಕಟ್ಟಿಸಿದ ಹಲ್ಲಲ್ವ ಅತ್ತೆ? ನಾನೇ ಮಂಡ್ಯಕ್ಕೆ ಕರ್ಕೊಂಡೋಗಿದ್ದೆ. ಅವೆಂಗೆ ನೋಯ್ತವೆ?”

ಮಂಚಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ಸುಸ್ತಾಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ನಿಮ್ಮಾವ ತೀರ್ಕಂಡಾಗ ನನ್ ಕಣ್ಣಲ್ಲಿ ಒಂದ್ ತೊಟ್ಟು ನೀರು ಬರ್ನಿಲ್ಲ. ಕಲ್ಲೆದೆ ಎಂಗ್ಸು ಅಂದ್ರು ಜನ. ವರ್ಸ ಆದ್ಮೇಲೆ ನಂಗೂ ಅಂಗೇ ಅನ್ನಿಸ್ಬುಡ್ತು.”

ಧರ್ಮೇಂದ್ರನಿಗೆ ನೆನಪಿತ್ತು. ಅಂದು ಬಂದವರಿಗೆಲ್ಲ ಕಾಫಿ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸಿಕೊಂಡು ಓಡಾಡುತ್ತಿದ್ದಳು. ‘ನಿಮ್ಮಮ್ಮ ಗಟ್ಟಿಗಿತ್ತಿ ಬಿಡು’ ಎಂದು ಅವನೇ ಹೆಂಡತಿ ಪ್ರಿಯಾಂಕಳಿಗೆ ಹೇಳಿದ್ದ. ಅದನ್ನು ನೆನೆದು ಈಗ ಮುಜುಗರವಾಯಿತು.

“ಈವಮ್ಮನತ್ರ ನಾಕ್ ವಾರ ಬರೀ ಎಮ್ಮೆ ಇಚಾರನೇ ಮಾತಾಡ್ದೆ. ಐದ್ನೇ ವಾರ ಅತ್ಬುಟ್ಟೆ ನೋಡಿ, ಕಟ್ಟಡಕ್ಕೆಲ್ಲ ಕೇಳಂಗೆ! ಕೆಳಗಿನ್ ಡಾಕ್ಟ್ರು ಓಡ್ ಬಂದ್ಬುಟ್ರು, ಮ್ಯಾಲೂ ಯಾರೋ ಹಲ್ಲು ಕೀಳ್ತಾವ್ರೆ ಅಂದ್ಕಂಡು.” ಅವಳು ಕಣ್ಣೊರೆಸಿಕೊಂಡಳು. “ಈಗ ನೀವೇಳಿ.”

ಧರ್ಮೇಂದ್ರ ಎರಡು ಮೆಟ್ಟಿಲು ಕೆಳಗೆ ಕೂತ. ಹದಿನಾಲ್ಕು ವರ್ಷದಿಂದ ಬಸ್ಸು ಓಡಿಸುತ್ತಿದ್ದವನು. ಹೋದ ತಿಂಗಳು ಮೇಲುಕೋಟೆ ಘಟ್ಟದ ತಿರುವಿನಲ್ಲಿ ಗಂಡ, ಹೆಂಡತಿ, ಕೂಸು ಕೂತಿದ್ದ ಬೈಕೊಂದು ಜಾರಿ, ಮೂವರೂ ಅವನ ಬಸ್ಸಿನ ಮುಂದೆಯೇ ಬಿದ್ದಿದ್ದರು. ಒಂದು ಮೊಳ ದೂರದಲ್ಲಿ ಬಸ್ಸು ನಿಂತಿತ್ತು. ಯಾರಿಗೂ ತರಚು ಗಾಯವೂ ಇಲ್ಲ. ಪ್ರಯಾಣಿಕರು ಚಪ್ಪಾಳೆ ತಟ್ಟಿದ್ದರು. ಮರುದಿನ ಸ್ಟೇರಿಂಗು ಹಿಡಿದಾಗ ಕೈ ನಡುಗಿತು. ಅಂದಿನಿಂದ ಬೆನ್ನುನೋವೆಂದು ರಜೆ ಹಾಕಿ ಕೂತಿದ್ದ. ಈ ಮೆಟ್ಟಿಲ ಬುಡದ ತನಕ ಎರಡು ಸಲ ಬಂದು ಹಿಂದಿರುಗಿಯೂ ಇದ್ದ.

“ಏನೂ ಆಗ್ನಿಲ್ಲ ಅತ್ತೆ. ಅದೇ ತೊಂದ್ರೆ. ಏನಾರ ಆಗಿದ್ರೆ ಏಳ್ಕಳಕಾದ್ರೂ ಆಯ್ತಿತ್ತು.”

ಮಂಚಮ್ಮ ಅವನ ಕೈಗಳನ್ನೇ ನೋಡಿದಳು. “ಏನೂ ಆಗ್ದೆ ಇದ್ರೆ ಇವ್ಯಾಕೆ ಇಂಗೆ ನಡುಗ್ತಾವೆ? ಏಳಿ ಮ್ಯಾಕೆ, ನಡೀರಿ ಒಳಕೆ.”

“ಡಿಪೋದಲ್ಲಿ ಗೊತ್ತಾದ್ರೆ ಬಸ್ಸು ಮುಟ್ಟಕ್ಕೆ ಬುಡಲ್ಲ. ಪ್ರಿಯಾಂಕಂಗೂ ಏಳಿಲ್ಲ.”

“ಅವ್ಳಿಗೆ ನಾನೆಲ್ಲಿ ಏಳಿವ್ನಿ? ಕಣ್ಣಾಸ್ಪತ್ರೆ ಅಂತ ಬತ್ತೀನಿ.”

ಮೇಲೆ ಬಾಗಿಲು ತೆರೆಯಿತು. ಚಂದ್ರಕಲ ಇಣುಕಿದಳು. ಒಬ್ಬರು ಬಂದದ್ದು ಇನ್ನೊಬ್ಬರಿಗೆ ತಿಳಿಯಬಾರದೆಂಬುದು ಅವಳ ಕಸುಬಿನ ನೇಮ. ಅತ್ತೆಯನ್ನು ಕಂಡರೂ ಕಾಣದವಳ ಹಾಗೆ ಗೋಡೆಯ ಸ್ವಿಚ್ಚು ನೋಡುತ್ತ ನಿಂತಳು.

“ಬುಡವ್ವ, ನಮ್ಮ ಅಳಿಮಯ್ನೇಯ,” ಎಂದು ಮಂಚಮ್ಮ ಕೂಗಿದಳು. “ಚೆಂದಾಗಿ ನೋಡು. ಎಮ್ಮೆ ಇಚಾರ ತಗುದ್ರೂ ಬೇಜಾರ್ ಮಾಡ್ಕಬ್ಯಾಡ.”

ಧರ್ಮೇಂದ್ರ ಒಳಗೆ ಹೋದ. ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಎಂಟು ವಾರ ಬೇಕಾಯಿತು. ಮೊದಮೊದಲು ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಡಿಪೋದೊಳಗೇ ಒಂದು ಸುತ್ತು, ಆಮೇಲೆ ಜನರಿಲ್ಲದ ರಸ್ತೆ. ಅದಕ್ಕಾಗಿ ಪ್ರಿಯಾಂಕಳಿಗೂ ಡಿಪೋ ಮ್ಯಾನೇಜರಿಗೂ ತಾನೇ ಬಾಯಿಬಿಟ್ಟು ಹೇಳಬೇಕಾಯಿತು. ಪ್ರಿಯಾಂಕ ಒಂದು ದಿನ ಮಾತು ಬಿಟ್ಟಳು, ಮುಂಚೆಯೇ ಯಾಕೆ ಹೇಳಲಿಲ್ಲ ಎಂದು. ಮ್ಯಾನೇಜರು ಎಲ್ಲ ಕೇಳಿ, ಬಾಗಿಲು ಹಾಕಿಕೊಂಡು ಬಂದು, ‘ನಮ್ಮ ಸಂಬಂಧಿಕರೊಬ್ಬರಿಗೆ’ ಎನ್ನುತ್ತ ಚಂದ್ರಕಲಳ ನಂಬರು ಬರೆದುಕೊಂಡರು.

ಮತ್ತೆ ಮೇಲುಕೋಟೆಗೆ ಬಸ್ಸು ಹೊರಡಿಸಿದ ದಿನ ಮಂಚಮ್ಮ ಬೆಳಿಗ್ಗೆಯೇ ಸ್ಟ್ಯಾಂಡಿಗೆ ಬಂದಿದ್ದಳು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೀಟು ಪಡೆದು, ಅಳಿಯನ ಬೆನ್ನ ಹಿಂದಿನ ಸೀಟಿನಲ್ಲೇ ಕೂತಳು. ಧೈರ್ಯ ಹೇಳಲು ಬಂದಿದ್ದಾಳೆ ಎಂದುಕೊಂಡ ಧರ್ಮೇಂದ್ರ. ಅವಳು ಕೂತವಳೇ ಚಪ್ಪಲಿ ಕಳಚಿ ಕಾಲು ಮಡಚಿಕೊಂಡಳು.

ಜಕ್ಕನಹಳ್ಳಿ ದಾಟಿ ರಸ್ತೆ ಮೇಲಕ್ಕೇರತೊಡಗಿತು. ಬೈಕು ಬಿದ್ದಿದ್ದ ಆ ತಿರುವು ಹತ್ತಿರವಾಯಿತು. ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದ. ಅತ್ತೆ ಕಿಟಕಿಗೆ ತಲೆಯಾನಿಸಿ, ಬಾಯಿ ಅಗಲಿಸಿ, ಗೊರಕೆ ಹೊಡೆಯುತ್ತಿದ್ದಳು.

ಧರ್ಮೇಂದ್ರ, ಅವಳಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ ಗೇರು ಬದಲಿಸಿದ.