ಬೇರೆ ಬಾಣಲೆ

ಬೆಳಿಗ್ಗೆ ಮಕ್ಕಳನ್ನು ಎದುರುಮನೆಯವರು ಶಾಲೆಗೆ ಬಿಡುವುದು, ಸಂಜೆ ಪಂಕಜ ತನ್ನ ಕಾರಿನಲ್ಲಿ ಕರೆತರುವುದು ಎಂದು ಮಾತಾಗಿತ್ತು. ಹಸಿದು ಬರುವ ಮಗನಿಗೆ ಆಮ್ಲೆಟ್ ಒಯ್ಯುತ್ತಿದ್ದಳು. ಎದುರುಮನೆಯ ಹುಡುಗಿಗೆಂದೇ ಬೇರೆ ಬಾಣಲೆಯಲ್ಲಿ ಅವಲಕ್ಕಿ ಒಗ್ಗರಣೆ ಮಾಡುತ್ತಿದ್ದಳು. ಹುಡುಗಿ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

“ಬೇಡ ಕಣೇ, ನಿಮ್ಮನೇಲಿ ಮೊಟ್ಟೆ ತಿನ್ನಲ್ಲ!”

“ಒಂದೇ ತುಂಡು ಆಂಟಿ!”

“ಅಮ್ಮಾ, ಇವತ್ತೂ ನಂದೆಲ್ಲಾ ಅವಳೇ ತಿಂದ್ಲು!”

ಪಂಕಜಳಿಗೆ ರೋಸಿಹೋಗಿತ್ತು. ಅದರ ಜೊತೆಗೆ ಭಯ ಬೇರೆ. ಗೊತ್ತಾದರೆ, ಮಗುವನ್ನು ಕೆಡಿಸಿದವಳು ನೀನೇ ಎನ್ನುವುದಿಲ್ಲವೇ?

ಕೊನೆಗೆ ಧೈರ್ಯ ಮಾಡಿ ಎದುರುಮನೆಯ ಬಾಗಿಲು ತಟ್ಟಿದಳು. ಹುಡುಗಿಯ ತಾಯಿ ಬಂದಳು. ಒಳಗೆ ಅತ್ತೆ ದೇವರಿಗೆ ಹೂ ಕಟ್ಟುತ್ತಿದ್ದರು.

“ತಪ್ಪು ತಿಳೀಬೇಡಿ. ನಿಮ್ಮ ಮಗಳು ಕಾರಲ್ಲಿ ದಿನಾ ಮೊಟ್ಟೆ ತಿಂತಾಳೆ, ಎಷ್ಟು ಹೇಳಿದ್ರೂ ಕೇಳಲ್ಲ. ನಾಳೆಯಿಂದ ಆಮ್ಲೆಟ್ ತರೋದೇ ಬಿಟ್ಬಿಡ್ತೀನಿ.”

ತಾಯಿ ಗಾಬರಿಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

“ದಮ್ಮಯ್ಯ, ಬಿಡಬೇಡಿ ರೀ. ಮಗೂಗೆ ಮೊಟ್ಟೆ ಕೊಡಿ ಅಂತ ಡಾಕ್ಟರು ಹೇಳಿದ್ಮೇಲೇ ನಾನು ಅವಳನ್ನ ಸ್ಕೂಲ್ ವ್ಯಾನ್ ಬಿಡಿಸಿ ನಿಮ್ಮ ಕಾರಿಗೆ ಹಾಕಿದ್ದು.”