ಕೊಡೆ ಹಿಡಿದ ಕಪ್ಪೆ

ಪುರಸಭೆಯ ಪಾರ್ಕಿಗೆಂದು ಶಿಲ್ಪಿ ತಂದಿಳಿಸಿದ ಸಿಮೆಂಟಿನ ಕಪ್ಪೆಯನ್ನು ಕಂಡು ಅಧ್ಯಕ್ಷರು ಮೂಗು ಮುರಿದರು.

“ಕಪ್ಪೆ ಕೈಗೆ ಕೊಡೆ ಯಾಕಯ್ಯಾ?”

“ಮಳೆಗೆ ಹೆದರೋ ಕಪ್ಪೆ ಸಾರ್. ಅಂಥದ್ದೊಂದು ಇದ್ರೆ ಹೆಂಗಿರ್ತದೆ ಅನ್ನಿಸ್ತು, ಮಾಡ್ದೆ.”

“ನಿನ್ ತಲೇಲಿ ಇರೋದು ಬರೀ ಸಗಣಿ! ನೋಡ್ದೋರು ನನ್ ಮುಖಕ್ಕೆ ಉಗೀತಾರೆ. ಎತ್ತಿ ಆಚೆ ಹಾಕ್ಸು.”

ಆಳುಗಳು ಅದನ್ನು ಗೇಟಿನಾಚೆಯ ಅರಳಿಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕ ಇಳಿಸಿ ಹೋದರು.

ಆ ವರ್ಷ ಮಳೆ ಕೈಕೊಟ್ಟಿತು. ಆಷಾಢದಲ್ಲಿ ಶಿಲ್ಪಿ ಕಪ್ಪೆಯನ್ನು ಮನೆಗೊಯ್ಯಲು ಬಂದಾಗ ಅದರ ಹಣೆಯ ತುಂಬ ಕುಂಕುಮವಿತ್ತು, ಕೊಡೆಯ ತುದಿಗೆ ಗಂಟೆ ಕಟ್ಟಿತ್ತು. ಅಧ್ಯಕ್ಷರು ಒದ್ದೆಪಂಚೆಯಲ್ಲಿ ಕಟ್ಟೆಯನ್ನು ಸುತ್ತುತ್ತಿದ್ದರು. ಶಿಲ್ಪಿ ಕೊಡೆಗೆ ಕೈಹಾಕಿದ್ದೇ ತಡ, ಗದರಿದರು:

“ಥೂ, ಚಪ್ಲಿ ಹಾಕ್ಕೊಂಡು ಮುಟ್ತೀಯಲ್ಲೋ ಮುಟ್ಠಾಳ! ಮಳೆ ಕೊಡೋ ದೇವ್ರು ಕಣೋ ಇದು!”